ಇಲ್ಲದ ಹೆಡ್‌ಮಾಸ್ಟರು

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ, ಈಗಲೂ ಇಲ್ಲ. ಅಪ್ಪ ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದರು. ಅಮ್ಮ ಹಲಸೂರಿನ ಮನೆಯ ಜಗಲಿಯಲ್ಲಿ ಕೂತು ಹೂ ಕಟ್ಟಿ ಅಂಗಡಿಗಳಿಗೆ ಕೊಡುತ್ತಿದ್ದರು. ಇಬ್ಬರಿಗೂ ಹೆಸರು ಬರೆಯಲು ಬರುತ್ತಿತ್ತು, ಅಷ್ಟೆ. ನಾನು ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡೆ. ಮೊದಲ ದಿನ ಲೆಕ್ಚರರು ಒಂದು ಗಂಟೆ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ನನಗೆ ತಿಳಿದದ್ದು ಹಾಜರಿ ಕೂಗಿದಾಗ ಬಂದ ನನ್ನ ನಂಬರು ಮಾತ್ರ.

ಆಗ ನಾನು ಹಿಡಿದ ದಾರಿ ಬಾಯಿಪಾಠ. ಅರ್ಥವಾಗಲಿ ಬಿಡಲಿ, ಪುಟಕ್ಕೆ ಪುಟ ಉರು ಹೊಡೆಯುವುದು. ಬೆಳಿಗ್ಗೆ ಐದೂವರೆಗೆ ಎದ್ದು ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ನಡೆಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ವಾಕಿಂಗಿಗೆ ಬಂದ ಹಿರಿಯರು ಇವನಿಗೆ ಏನೋ ಆಗಿದೆ ಎಂದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಮೊದಲು ವಾಕ್ಯ ಬಂತು, ಅರ್ಥ ಎಷ್ಟೋ ತಿಂಗಳ ಮೇಲೆ ಬಂತು. ಹಾಗೆಯೇ ಪಿಯುಸಿ ಪಾಸಾದೆ, ಬಿಎಸ್ಸಿ ಮುಗಿಸಿದೆ, ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಸಸ್ಯಶಾಸ್ತ್ರಕ್ಕೆ ಸೀಟು ಸಿಕ್ಕಿತು. ಬಾಯಿಪಾಠವನ್ನು ಆಡಿಕೊಳ್ಳುವವರನ್ನು ಕಂಡರೆ ನನಗೆ ಇವತ್ತಿಗೂ ರೇಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಪೇಪರು ಬರುತ್ತಿದ್ದವರು ಆಡುವ ಮಾತು ಅದು. ನಮ್ಮಂಥವರಿಗೆ ಬೇರೆ ಏಣಿ ಇರಲಿಲ್ಲ.

ಆದರೆ ಅದೇ ಏಣಿಯನ್ನು ನಾನು ಒಬ್ಬ ಗೆಳೆಯನ ಕೈಗೆ ಕೊಟ್ಟೆ. ಅವನಿಗೆ ಅದು ಬೇಕಾಗಿರಲೇ ಇಲ್ಲ. ಬರೆಯಲು ಕೂತಿರುವುದು ಅದನ್ನೇ.

ಅವನು ಎಂಎಸ್ಸಿಯಲ್ಲಿ ನನ್ನ ಪಕ್ಕದ ಬೆಂಚಿನವನು, ಶಿವಾಜಿನಗರದವನು. ಅವನ ಅಬ್ಬಾ ರಸೆಲ್ ಮಾರುಕಟ್ಟೆಯೊಳಗೆ ಹಣ್ಣಿನ ಅಂಗಡಿ ಇಟ್ಟಿದ್ದರು. ಕಾಲೇಜು ಮುಗಿದ ಮೇಲೆ ಮತ್ತು ಶನಿವಾರ ಭಾನುವಾರ ಇವನೂ ಅಂಗಡಿಯಲ್ಲಿ ಕೂರುತ್ತಿದ್ದ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಗಿರಾಕಿಗಳ ಹತ್ತಿರ ಇಂಗ್ಲಿಷು. ಯಾವುದನ್ನೂ ಕಲಿತೆ ಎಂಬ ಭಾವನೆಯೇ ಅವನಿಗಿರಲಿಲ್ಲ. ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಹಣ್ಣು ಕೊಳೆತು ಹಿಂದಿನ ಬಾಗಿಲಿಂದ ಕಸಕ್ಕೆ ಹೋಗುವುದನ್ನು ನೋಡಿ ಬೆಳೆದವನು. ಸಸ್ಯಶಾಸ್ತ್ರ ತೆಗೆದುಕೊಂಡದ್ದೂ ಅದಕ್ಕೇ. "ಕಿತ್ತ ಮೇಲೂ ಹಣ್ಣು ಉಸಿರಾಡುತ್ತೆ ಮಗಾ. ಆ ಉಸಿರು ನಿಧಾನ ಮಾಡೋದು ಹೆಂಗೆ ಅಂತ ಕಲಿಬೇಕು," ಎನ್ನುತ್ತಿದ್ದ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ನಾವು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೆವು. ಹಣ್ಣು ತರಕಾರಿ ಕೆಡದಂತೆ ಇಡುವುದರ ಬಗ್ಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಕೋರ್ಸು ಇದೆ ಎಂದು ಅವನು ಹುಡುಕಿ ತೆಗೆದ. ಸೈಬರ್ ಕೆಫೆಯಲ್ಲಿ ಕೂತು ಅರ್ಜಿ ಹಾಕಿದ. ಅವನ ಜೊತೆ ನಾನೂ ಇನ್ನೊಂದು ಕಡೆ, ಗಿಡಗಳ ರೋಗದ ಬಗೆಗಿನ ಕೋರ್ಸಿಗೆ ಹಾಕಿದೆ. ಜನವರಿಯಲ್ಲಿ ಇಬ್ಬರಿಗೂ ಪತ್ರ ಬಂತು. ಸೀಟು ಉಂಟು, ಫೀಸೂ ಮಾಫಿ. ಆದರೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿದ ಕಾಗದ ಜೂನ್ ಕೊನೆಯೊಳಗೆ ಅವರ ಕೈ ಸೇರಬೇಕು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, ಪ್ರತಿಯೊಂದಕ್ಕೂ ಒಂಬತ್ತು ಅಂಕ. ಯಾವ ಭಾಗದಲ್ಲೂ ಆರಕ್ಕಿಂತ ಕಮ್ಮಿ ಬರುವ ಹಾಗಿಲ್ಲ.

ಪತ್ರ ಹಿಡಿದುಕೊಂಡು ಅವನು ನೇರ ನನ್ನ ಹತ್ತಿರ ಬಂದ. "ಕ್ಲಾಸಲ್ಲಿ ಎಲ್ಲಾರಿಗಿಂತ ನಿಂದೇ ಮಾರ್ಕ್ಸ್ ಜಾಸ್ತಿ. ನಂಗೂ ಹೇಳ್ಕೊಡು. ಈ ಸೀಟು ಹೋದ್ರೆ ನಂಗೆ ಇನ್ನೊಂದ್ ಸಿಗಲ್ಲ."

ಇಂಗ್ಲಿಷ್ ಹೇಳಿಕೊಡು ಎಂದು ನನ್ನನ್ನು ಕೇಳಿದ ಮೊದಲ ಮನುಷ್ಯ ಅವನು. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಕೂರಲು ಸೀಟು ಸಿಕ್ಕಿದ್ದರೂ ನಿಂತೇ ಬಂದೆ, ಅಷ್ಟು ಉಬ್ಬಿದ್ದೆ.

ಆ ದಿನಗಳಲ್ಲಿ ಈ ಪರೀಕ್ಷೆಗೆ ಓದುವ ಬಗೆಯೇ ಬೇರೆ ಇತ್ತು. ದೊಡ್ಡ ಕೋಚಿಂಗ್ ಸೆಂಟರುಗಳಿಗೆ ಹೋಗುವ ಶಕ್ತಿ ನಮಗಿರಲಿಲ್ಲ. ಕಂಟೋನ್ಮೆಂಟ್ ಕಡೆಯ ಒಂದು ಲೈಬ್ರರಿಯಲ್ಲಿ ಅಭ್ಯಾಸದ ಪುಸ್ತಕ, ಕ್ಯಾಸೆಟ್ಟುಗಳಿದ್ದವು. ಒಬ್ಬ ಸದಸ್ಯನ ಕಾರ್ಡಿನ ಮೇಲೆ ನಾಲ್ಕು ಜನ ಓದುತ್ತಿದ್ದೆವು. ಪುಸ್ತಕ ಜೆರಾಕ್ಸ್ ಅಂಗಡಿಗೆ ಹೋಗುತ್ತಿತ್ತು, ಹಿಂದಿನವರು ಬರೆದ ಉತ್ತರಗಳನ್ನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ಬೂದಿಬಣ್ಣವಾಗಿರುತ್ತಿತ್ತು. ಕೇಳುವ ಭಾಗಕ್ಕೆ ವಾಕ್‌ಮನ್ನಿನ ಒಂದು ಇಯರ್‌ಫೋನು ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಕ್ಯಾಸೆಟ್ಟಿನ ಹೆಂಗಸು ಮ್ಯೂಸಿಯಮ್ಮಿನ ವೇಳಾಪಟ್ಟಿ ಹೇಳುತ್ತಿದ್ದರೆ ನಾನು ಎರಡು ಸಲ ಹಿಂದಕ್ಕೆ ತಿರುಗಿಸಿ ಕೇಳಬೇಕಾಗುತ್ತಿತ್ತು. ಅವನು ಒಂದೇ ಸಲಕ್ಕೆ ಬರೆದು ಮುಗಿಸಿ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ. ಅದು ನನ್ನ ಗಮನಕ್ಕೆ ಬಂದಿತ್ತು. ಅದರಿಂದ ಏನೂ ತಿಳಿದುಕೊಳ್ಳಲಿಲ್ಲ ಅಷ್ಟೆ.

ಎಲ್ಲರೂ ಹೆದರುತ್ತಿದ್ದದ್ದು ಮಾತಾಡುವ ಭಾಗಕ್ಕೆ. ಪರೀಕ್ಷಕರು ಒಂದು ಕಾರ್ಡು ಕೊಡುತ್ತಾರೆ, ಅದರ ಮೇಲೊಂದು ವಿಷಯ. ಯೋಚಿಸಲು ಒಂದು ನಿಮಿಷ, ಮಾತಾಡಲು ಎರಡು ನಿಮಿಷ, ಆಮೇಲೆ ಅದರ ಮೇಲೆ ಪ್ರಶ್ನೆ. ಪರೀಕ್ಷೆ ನಡೆಯುತ್ತಿದ್ದ ಜಾಗದ ಎದುರು ಒಂದು ಟೀ ಅಂಗಡಿ ಇತ್ತು. ಒಳಗಿಂದ ಹೊರಬಂದವರನ್ನು ಮುಂದಿನ ತಿಂಗಳು ಬರೆಯುವವರು ಅಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. "ಗುರು, ಯಾವ್ ಕಾರ್ಡ್ ಬಂತು?" ಹೊರಬಂದವನು ಟೀ ಕುಡಿಯುತ್ತ ತನಗೆ ಬಂದದ್ದನ್ನು ಹೇಳಲೇಬೇಕು, ಅದು ಅಲ್ಲಿಯ ರೂಢಿ. ನಾವು ಮೂರು ಸಲ ಹೋಗಿ ನಿಂತು ಮೂವತ್ತೈದು ಕಾರ್ಡಿನ ಪಟ್ಟಿ ಮಾಡಿದೆವು. ಅಷ್ಟಕ್ಕೂ ಉತ್ತರ ಬರೆಯುತ್ತೇನೆ ಎಂದು ನಾನು ಹೇಳಿದೆ.

ಒಂದು ಶನಿವಾರ ಉತ್ತರದ ಮೊದಲ ಹತ್ತು ಹಾಳೆ ಹಿಡಿದು ಅವನ ಅಂಗಡಿಗೆ ಹೋದೆ. ಅಲ್ಲಿ ಒಬ್ಬ ಹಿರಿಯ ಹೆಂಗಸು ನಿಂತು ಅವನ ಜೊತೆ ಜಗಳವಾಡುತ್ತಿದ್ದರು. ಕುಕ್ ಟೌನಿನ ಹಳೆಯ ಬಂಗಲೆಯವರು, ಹೂವಿನ ಫ್ರಾಕು, ಕೈಯಲ್ಲಿ ಬಟ್ಟೆ ಚೀಲ. ಪ್ರತಿ ಶನಿವಾರ ಬರುತ್ತಾರಂತೆ. ಅವನು ಎರಡು ಪಪ್ಪಾಯಿ ಎತ್ತಿ ಹಿಡಿದು ಹೇಳುತ್ತಿದ್ದ: "ಮ್ಯಾಮ್, ದಿಸ್ ವನ್ ಟುಡೇ ಈಟ್. ದಟ್ ವನ್ ಸಂಡೇ ಈಟ್. ಮಂಡೇ ಕಮ್ ಅಂಡ್ ಸ್ಕೋಲ್ಡ್ ಮಿ." ಆಕೆ ಅವನ ಕೈಗೆ ಪಟ್ಟನೆ ಹೊಡೆದು ನಗುತ್ತ ಎರಡನ್ನೂ ಚೀಲಕ್ಕೆ ಹಾಕಿಕೊಂಡರು. ಆಮೇಲೂ ಹತ್ತು ನಿಮಿಷ ಮಾತು. ಸೊಂಟನೋವು, ಆಸ್ಟ್ರೇಲಿಯಾದಲ್ಲಿರುವ ತಂಗಿ, ಪಕ್ಕದ ಮನೆಯವರ ನಾಯಿ. ಅವನು ಕೇಳುತ್ತಿದ್ದ, ಕೀಟಲೆ ಮಾಡುತ್ತಿದ್ದ, ಒಂದು ಕ್ಷಣವೂ ತಡವರಿಸುತ್ತಿರಲಿಲ್ಲ.

ಆಕೆ ಹೋದ ಮೇಲೆ ನಾನು ಕೇಳಿದೆ. "ಏನೋ ಅದು, ಟುಡೇ ಈಟ್, ಸಂಡೇ ಈಟ್? ವಾಕ್ಯಾನಾ ಅದು? ಎಲ್ಲಿದ್ಯೋ ಗ್ರಾಮರ್ರು?"

"ಹಣ್ಣು ಹೋಯ್ತಲ್ಲ ಮಗಾ. ಗ್ರಾಮರ್ ಇಟ್ಕೊಂಡು ನಾನೇನ್ ಉಪ್ಪಿನಕಾಯಿ ಹಾಕ್ಲಾ?"

"ಎಕ್ಸಾಮಲ್ಲಿ ಹಿಂಗೇ ಮಾತಾಡಿದ್ರೆ ಮುಗೀತು ನಿನ್ ಕತೆ."

ನಗುತ್ತಿದ್ದವನ ಮುಖ ಸಣ್ಣಗಾಯಿತು. ನನಗೆ ಬೇಕಾಗಿದ್ದದ್ದೂ ಅದೇ ಇರಬೇಕು.

ಅವನನ್ನು ಕೂರಿಸಿಕೊಂಡು ಹಾಳೆಗಳನ್ನು ತೆಗೆದೆ. ಮೊದಲ ಕಾರ್ಡು, ನಿಮಗಿಂತ ಹಿರಿಯರಾದ, ನೀವು ಮೆಚ್ಚುವ ಒಬ್ಬ ವ್ಯಕ್ತಿ. ಅವನು ಹಾಳೆ ನೋಡುವ ಮೊದಲೇ ಹೇಳಿದ, "ಇದು ಸುಲಭ. ಅಬ್ಬಾ ಬಗ್ಗೆ ಹೇಳ್ತೀನಿ. ಇಲ್ಲಾಂದ್ರೆ ಈಗ್ ಹೋದ್ರಲ್ಲ ಮ್ಯಾಮು, ಅವ್ರ ಬಗ್ಗೆ. ಎರಡ್ ನಿಮಿಷ ಅಲ್ಲ, ಎರಡ್ ಗಂಟೆ ಹೇಳ್ಬೋದು."

"ಬೇಡ. ಹಣ್ಣಿನ ಅಂಗಡಿ, ಮಾರ್ಕೆಟ್ಟು ಇವೆಲ್ಲ ಬೇಡ. ಇಂಗ್ಲೆಂಡಿಂದ ಬಂದಿರೋ ಎಕ್ಸಾಮು ಕಣೋ ಅದು. ಸ್ಟ್ಯಾಂಡರ್ಡ್ ಆಗಿರ್ಬೇಕು."

ನಾನು ಬರೆದಿದ್ದದ್ದು ಒಬ್ಬ ನಿವೃತ್ತ ಹೆಡ್‌ಮಾಸ್ಟರ ಬಗ್ಗೆ. ಬಿಳಿ ಶರ್ಟು. ಬೆಳಿಗ್ಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಾರೆ, ಬೀದಿಯ ಮಕ್ಕಳ ಹೋಂವರ್ಕ್ ತಿದ್ದುತ್ತಾರೆ, ಶಿಸ್ತು ಮತ್ತು ಸಮಯಪಾಲನೆ ಅವರಿಂದ ಕಲಿತೆ. ಬಿಎಸ್ಸಿಯಲ್ಲಿ ನಾನು ಉರು ಹೊಡೆದ ಪ್ರಬಂಧಗಳಿಂದ ಒಂದೊಂದೇ ವಾಕ್ಯ ಕಿತ್ತು ಜೋಡಿಸಿದ್ದೆ.

ಅವನು ಓದಿ ತಲೆ ಕೆರೆದುಕೊಂಡ. "ನಮ್ ಬೀದೀಲಿ ಇಂಥೋರು ಯಾರಿದಾರೋ?"

"ಇರೋದ್ ಬೇಡ. ಇದಾರೆ ಅನ್ನೋ ಹಂಗೆ ಹೇಳಿದ್ರೆ ಸಾಕು."

ಮುಂದಿನ ನಾಲ್ಕು ವಾರ ಅವನು ಉರು ಹೊಡೆದ. ನನಗೆ ಅದು ಹುಟ್ಟುಗುಣದ ಹಾಗೆ ಬರುತ್ತಿತ್ತು, ಅವನಿಗೆ ಹಿಂಸೆ. ದಾಳಿಂಬೆ ಒರೆಸುತ್ತ ಹೆಡ್‌ಮಾಸ್ಟರನ್ನು ಒಪ್ಪಿಸುತ್ತಿದ್ದ, ತಪ್ಪಿದಲ್ಲಿ ನಾನು ನಿಲ್ಲಿಸುತ್ತಿದ್ದೆ. ಅವನ ಅಬ್ಬಾ ನನಗೆ ಸ್ಟೂಲು ಕೊಟ್ಟು, "ಕೂತ್ಕೊ ಬೇಟಾ, ಇವ್ನಿಗೆ ಚೆನ್ನಾಗಿ ಹೇಳ್ಕೊಡು," ಎಂದು ಮೂಸಂಬಿ ರಸ ತರಿಸುತ್ತಿದ್ದರು. ನಾನು ಕುಡಿಯುತ್ತಿದ್ದೆ.

ಒಂದೇ ತಾರೀಕಿಗೆ ಇಬ್ಬರಿಗೂ ಜಾಗ ಸಿಗಲಿಲ್ಲ. ಅವನದು ಫೆಬ್ರವರಿ ಕೊನೆಗೆ, ನನ್ನದು ಮಾರ್ಚಿನಲ್ಲಿ. ಅವನ ಪರೀಕ್ಷೆಯ ದಿನ ಮಧ್ಯಾಹ್ನ ನಾನು ಆ ಟೀ ಅಂಗಡಿಯಲ್ಲೇ ಕಾದಿದ್ದೆ. ಮೂರು ಗಂಟೆಗೆ ಹೊರಗೆ ಬಂದ. ಮುಖ ನೋಡಿದರೆ ಅಳುತ್ತಾನೋ ನಗುತ್ತಾನೋ ಗೊತ್ತಾಗುವಂತಿರಲಿಲ್ಲ.

"ಹೆಡ್‌ಮಾಸ್ಟ್ರೇ ಬಂದ್ಬಿಟ್ರು ಮಗಾ," ಎಂದ.

"ಬಂದ್ರಾ! ಹೇಳಿದ್ಯಾ?"

"ಹೇಳ್ದೆ. ಒಂದ್ ಅಕ್ಷರ ಬಿಡದೆ ಹೇಳ್ದೆ. ಆಯಮ್ಮ ಕೇಳ್ತಾ ಕೂತಿದ್ಲು. ಆಮೇಲೆ ಕೇಳಿದ್ಲು, ಆ ಮಾಸ್ಟ್ರಿಗೆ ನಿನ್ನ ಮೇಲೆ ಯಾವತ್ತಾದ್ರೂ ಸಿಟ್ಟು ಬಂದಿತ್ತಾ, ಯಾಕೆ ಬಂದಿತ್ತು ಅಂತ. ನಂಗೇನ್ ಗೊತ್ತು? ನೀನ್ ಅದು ಬರ್ದಿರ್ಲಿಲ್ಲ."

"ಆಮೇಲೆ?"

"ಏನ್ ಮಾಡ್ಲಿ, ಪುನಃ ಮೊದ್ಲಿಂದ ಶುರು ಮಾಡ್ದೆ. ಬಿಳಿ ಶರ್ಟು, ಮರದ ಕೆಳಗೆ ಪೇಪರ್ರು. ಆಯಮ್ಮ ಸಾಕು ಅಂತ ಕೈ ಎತ್ತಿದ್ಲು. ಆಮೇಲೆ ಏನೇನೋ ಬೇರೆ ಕೇಳಿದ್ಲು. ನಂಗೆ ಬಾಯೇ ಬರ್ಲಿಲ್ಲ. ನನ್ ಇಂಗ್ಲಿಷಲ್ಲಿ ಹೇಳೋಣ ಅಂದ್ರೆ ನೀನ್ ಬೇಡ ಅಂದಿದ್ದೆ, ನಿನ್ ಇಂಗ್ಲಿಷಲ್ಲಿ ಹೇಳೋಣ ಅಂದ್ರೆ ಅದು ಮುಗ್ದೋಗಿತ್ತು."

ಅವನು ನಕ್ಕ. ನಾನೂ ನಕ್ಕೆ. ಸುತ್ತ ನಿಂತವರು ರೂಢಿಯ ಹಾಗೆ ಅವನ ಕಾರ್ಡನ್ನು ಬರೆದುಕೊಂಡರು.

ಎರಡು ವಾರಕ್ಕೆ ಫಲಿತಾಂಶ ಬಂತು. ಕೇಳುವುದರಲ್ಲಿ ಎಂಟು. ನಮ್ಮ ಗುಂಪಿನಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲ. ಓದುವುದು ಏಳು, ಬರೆಯುವುದು ಆರೂವರೆ. ಮಾತಾಡುವುದು ಐದೂವರೆ. ಅರ್ಧ ಅಂಕಕ್ಕೆ ಸೀಟು ನೇತಾಡುತ್ತಿತ್ತು. ಒಮ್ಮೆ ಬರೆದವರು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕಿತ್ತು, ಹಾಗಾಗಿ ಅವನಿಗೆ ಉಳಿದದ್ದು ಮೇ ಕೊನೆಯ ಒಂದೇ ಅವಕಾಶ.

"ಹೆದ್ರಿರ್ತೀಯ ನೀನು. ಅದಕ್ಕೇ ಆಗಿರೋದು," ಎಂದೆ.

ಆದರೆ ಹಾಗಲ್ಲ ಎಂದು ನನಗೆ ಗೊತ್ತಾಗಿತ್ತು. ಮರುದಿನ ಬೆಳಿಗ್ಗೆ ಕೆರೆಯ ಪಕ್ಕ ನಡೆಯುತ್ತ ನನ್ನದೇ ಉತ್ತರಗಳನ್ನು ಹೇಳಿಕೊಳ್ಳುತ್ತಿದ್ದೆ. ಆ ಪರೀಕ್ಷಕಿಯ ಪ್ರಶ್ನೆ ನೆನಪಾಯಿತು. ಹೆಡ್‌ಮಾಸ್ಟರಿಗೆ ಯಾಕೆ ಸಿಟ್ಟು ಬಂದಿತ್ತು? ನನಗೂ ಗೊತ್ತಿರಲಿಲ್ಲ, ಬರೆದವನು ನಾನೇ ಆಗಿದ್ದರೂ. ಆಕೆಗೆ ಬೇಕಾದದ್ದು ಪಾಠ ಒಪ್ಪಿಸುವವನಲ್ಲ, ಎದುರು ಕೂತು ಮಾತಾಡುವ ಮನುಷ್ಯ. ಅವನ ಐದೂವರೆ ನನಗೆ ಅದನ್ನು ಕಲಿಸಿತು. ಮೂವತ್ತೈದು ಉತ್ತರವನ್ನೂ ಮಡಿಸಿ ಟ್ರಂಕಿನಲ್ಲಿ ಹಾಕಿದೆ.

ಮಾರ್ಚಿನಲ್ಲಿ ನನಗೆ ಬಂದ ಕಾರ್ಡು, ನಿಮ್ಮ ಮನೆಯ ಒಂದು ಹಳೆಯ ವಸ್ತು. ಅದಕ್ಕೆ ನಾನು ಬರೆದಿಟ್ಟಿದ್ದದ್ದು ತಾತನ ಪುಸ್ತಕದ ಬೀರು. ನನ್ನ ತಾತ ಕಲ್ಲು ಹೊರುತ್ತಿದ್ದವರು, ಬೀರು ಎಲ್ಲಿಂದ ಬರಬೇಕು. ನಾನು ಅಪ್ಪನ ಇದ್ದಿಲ ಇಸ್ತ್ರಿಪೆಟ್ಟಿಗೆಯ ಬಗ್ಗೆ ಹೇಳಿದೆ. ಅದರ ತೂಕ, ಹಿಡಿಯ ಮರ ಅಪ್ಪನ ಅಂಗೈಯಷ್ಟೇ ಸವೆದಿರುವುದು, ಮಳೆಗಾಲದಲ್ಲಿ ಇದ್ದಿಲು ಹತ್ತಿಕೊಳ್ಳದೆ ಅವರು ಬೈಯುವುದು. ಇಂಗ್ಲಿಷ್ ಮುರಿಮುರಿದು ಬಂತು. ಪರೀಕ್ಷಕಿ ಮುಂದೆ ಬಾಗಿ ಕೇಳಿದರು, ಕರೆಂಟಿನದು ಯಾಕೆ ಕೊಳ್ಳಲಿಲ್ಲ? ಮರದ ಕೆಳಗೆ ಕರೆಂಟು ಎಲ್ಲಿ ಮೇಡಮ್, ಎಂದೆ. ಅವರು ನಕ್ಕರು. ಹೊರಗೆ ಬರುವಾಗಲೇ ನನಗೆ ಪಾಸಾದದ್ದು ಗೊತ್ತಿತ್ತು. ಹಣ್ಣಿನ ಅಂಗಡಿ ಬೇಡ ಎಂದು ಅವನ ಬಾಯಿ ಕಟ್ಟಿದವನು ನಾನು ನನ್ನ ಅಪ್ಪನ ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋಗಿ ಗೆದ್ದು ಬಂದಿದ್ದೆ.

ಮಾತಾಡುವುದರಲ್ಲಿ ಆರೂವರೆ ಬಂತು. ಸುದ್ದಿ ಕೇಳಿ ಅವನು ಮಾರುಕಟ್ಟೆಯಲ್ಲೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಆಮೇಲೆ ಕೆಳಗಿಳಿಸಿ ಕೇಳಿದ.

"ನಾವ್ ಬರ್ಕೊಂಡಿದ್ವಲ್ಲ, ಅದ್ನೇ ಹೇಳ್ದ್ಯಾ?"

"ಹೂಂ," ಎಂದೆ.

ಒಂದೇ ಅಕ್ಷರ. ಇಷ್ಟು ವರ್ಷದಲ್ಲಿ ಆ ಹೂಂ ಅನ್ನು ನಾನು ಎಷ್ಟು ಸಲ ತಿರುವಿ ಹಾಕಿ ನೋಡಿದ್ದೇನೋ ಲೆಕ್ಕವಿಲ್ಲ. ಮಾರುಕಟ್ಟೆಯ ಗದ್ದಲದಲ್ಲಿ, ಯೋಚಿಸದೆ ಬಂತು ಎಂದು ಹೇಳಿಕೊಂಡು ನೋಡಿದ್ದೇನೆ. ನಿಜವಲ್ಲ ಅದು. ಇಲ್ಲ ಎಂದಿದ್ದರೆ ಮುಂದಿನ ಮಾತನ್ನೂ ಹೇಳಬೇಕಾಗುತ್ತಿತ್ತು. ನೀನು ಪಪ್ಪಾಯಿ ಮಾರುವಾಗ ಮಾತಾಡುವ ಹಾಗೆ ಮಾತಾಡು, ನನ್ನ ಹಾಳೆಗಳಿಗಿಂತ ಅದೇ ಮೇಲು ಎಂದು. ಕೆರೆಯ ಪಕ್ಕ ನಡೆದು ನಡೆದು ನಾನು ಗಳಿಸಿದ ಇಂಗ್ಲಿಷಿಗಿಂತ ಅಂಗಡಿಯಲ್ಲಿ ಕೂತು ಅವನಿಗೆ ತಾನಾಗಿ ಬಂದದ್ದು ಹೆಚ್ಚು ಎಂದು. ಅದು ನನ್ನ ಬಾಯಿಂದ ಹೊರಡಲಿಲ್ಲ.

ಅವನು ತಲೆ ಆಡಿಸಿದ. "ಹಂಗಾದ್ರೆ ತಪ್ಪು ನಂದೇ. ನಾನೇ ಸರಿಯಾಗಿ ಬಾಯಿಪಾಠ ಮಾಡಿಲ್ಲ. ಈ ಸಲ ಪ್ರಶ್ನೆಗೂ ಉತ್ತರ ಬರ್ಕೊಡು ಮಗಾ. ಸಿಟ್ಟು ಯಾಕ್ ಬಂತು ಅನ್ನೋದನ್ನೂ ಬರಿ."

ಬರೆದುಕೊಟ್ಟೆ. ಅದೇ ನಾನು ಮಾಡಿದ ಅನ್ಯಾಯ. ಮೊದಲ ಸಲ ಗೊತ್ತಿಲ್ಲದೆ ಬರೆದೆ, ಎರಡನೇ ಸಲ ಗೊತ್ತಿದ್ದು ಬರೆದೆ. ಪ್ರತಿ ಕಾರ್ಡಿಗೂ ಬರಬಹುದಾದ ಐದೈದು ಪ್ರಶ್ನೆ, ಅದಕ್ಕೆ ಉತ್ತರ. ಹೆಡ್‌ಮಾಸ್ಟರಿಗೆ ಸಿಟ್ಟು ಬಂದದ್ದು ನಾನು ಗಂಟೆಗೆ ಸರಿಯಾಗಿ ಬಾರದಿದ್ದಕ್ಕೆ ಎಂದು ಬರೆದೆ.

ಏಪ್ರಿಲ್, ಮೇ ಪೂರ್ತಿ ಅವನು ದಿನಾ ಒಪ್ಪಿಸಿದ. ಅಂಗಡಿಯಲ್ಲಿ ಗಿರಾಕಿಗಳ ಜೊತೆಗೂ ನಾನು ತಿದ್ದಿದ ಇಂಗ್ಲಿಷಿನಲ್ಲೇ ಮಾತಾಡತೊಡಗಿದ, ಅಭ್ಯಾಸವಾಗಲಿ ಎಂದು. ಒಂದು ಶನಿವಾರ ಕುಕ್ ಟೌನಿನ ಆ ಹಿರಿಯ ಹೆಂಗಸು ಬಂದಾಗ ನಾನು ಸ್ಟೂಲಿನ ಮೇಲಿದ್ದೆ. ಅವನು ನಿಧಾನವಾಗಿ, ಒಂದೊಂದೇ ಪದ ಎಣಿಸಿ ಇಟ್ಟ ಹಾಗೆ, ಈ ಹಣ್ಣನ್ನು ಇಂದೇ ಸೇವಿಸುವುದು ಸೂಕ್ತ ಎಂಬರ್ಥದ ಒಂದು ವಾಕ್ಯ ಹೇಳಿದ. ಆಕೆ ಚೀಲ ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದರು.

"ಜ್ವರಾನಾ?" ಎಂದರು ಅವರ ಕಂಟೋನ್ಮೆಂಟ್ ಕನ್ನಡದಲ್ಲಿ.

"ಇಲ್ಲ ಮ್ಯಾಮ್, ಎಕ್ಸಾಮು. ಇವ್ನು ಹೇಳ್ಕೊಡ್ತಿದಾನೆ," ಎಂದು ನನ್ನ ಕಡೆ ತೋರಿಸಿದ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓ, ನೀನಾ? ಎಷ್ಟ್ ಚೆನ್ನಾಗ್ ಮಾತಾಡ್ತಿದ್ದ ಇವ್ನು. ಈಗ ರೇಡಿಯೋ ತರ ಆಗ್ಬಿಟ್ಟಿದಾನೆ. ಬಿಟ್ಬಿಡಪ್ಪಾ ಅವ್ನ್ನ."

ಅವನು ನಕ್ಕ. ನಾನು ಹಾಳೆ ತಿರುವಿದೆ. ಮೇ ಕೊನೆಗೆ ಇನ್ನೂ ಹದಿನೈದು ದಿನವಿತ್ತು. ಅಷ್ಟರಲ್ಲಿ ಎಲ್ಲವನ್ನೂ ಸರಿ ಮಾಡಬಹುದಿತ್ತು. ಅವನಿಗೆ ಏನನ್ನೂ ಕಲಿಸಬೇಕಾಗಿರಲಿಲ್ಲ, ನಾನು ತುಂಬಿದ್ದನ್ನು ಬಿಡು ಎಂದರೆ ಸಾಕಿತ್ತು. ಆ ಹದಿನೈದು ದಿನವೂ ನಾನು ಹೋದೆ, ಮೂಸಂಬಿ ರಸ ಕುಡಿದೆ, ಒಪ್ಪಿಸಿಕೊಂಡೆ.

ಈ ಸಲ ಮಾತಾಡುವುದರಲ್ಲಿ ಐದು ಬಂತು. ಮೊದಲಿಗಿಂತಲೂ ಅರ್ಧ ಕಮ್ಮಿ.

ಇನ್ನು ಮೂರು ತಿಂಗಳು ಕಾಯುವ ಹೊತ್ತಿಗೆ ಕೋರ್ಸು ಶುರುವಾಗಿರುತ್ತಿತ್ತು. ಅವನು ಆ ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಸೀಟಿಗೆ ಹೊಸದಾಗಿ ಅರ್ಜಿ ಹಾಕಬಹುದು, ಫೀಸಿನ ಮಾಫಿ ಈ ವರ್ಷಕ್ಕೆ ಮಾತ್ರ ಎಂದು ಉತ್ತರ ಬಂತು. ಸೈಬರ್ ಕೆಫೆಯಲ್ಲಿ ನಾನು ಅವನ ಪಕ್ಕದ ಕುರ್ಚಿಯಲ್ಲಿದ್ದೆ. ಪರದೆಯನ್ನು ಎರಡು ಸಲ ಓದಿ, "ಸರಿ ಬಿಡು," ಎಂದು ಎದ್ದ. ಹೊರಗೆ ಬಂದು ಬಸ್ ಸ್ಟ್ಯಾಂಡಿನವರೆಗೆ ನಡೆಯುವಾಗ ಹೇಳಿದ, "ನೀನ್ ಮಾತ್ರ ತುಂಬಾ ಕಷ್ಟಪಟ್ಟೆ ಮಗಾ ನನಗೋಸ್ಕರ."

ಆಗ ಹೇಳಬೇಕಿತ್ತು. ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ಹೊರಟೆ. ಹಳೆಯ ವಿಮಾನ ನಿಲ್ದಾಣಕ್ಕೆ ಅಪ್ಪ ಅಮ್ಮನ ಜೊತೆ ಅವನೂ ಬಂದ. ಅಪ್ಪ ತಾವೇ ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಯಾರಾದರೂ ಕೇಳಲಿ ಎಂದು ಕಾಯುವವರ ಹಾಗೆ ನಿಂತಿದ್ದರು. ನನ್ನ ದೊಡ್ಡ ಸೂಟ್‌ಕೇಸನ್ನು ಬಾಗಿಲವರೆಗೆ ಹೊತ್ತದ್ದು ಅವನು.

ಒಂದು ವರ್ಷ ಓದಿ ಬಂದೆ. ಕೆ.ಆರ್. ಪುರಂ ಕಡೆಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅವನು ಅಷ್ಟರಲ್ಲಿ ಪೂರ್ತಿ ಅಂಗಡಿಗೇ ಕೂತಿದ್ದ, ಅಬ್ಬಾಗೆ ಮಂಡಿನೋವು. ಆಗಾಗ ಹೋಗುತ್ತಿದ್ದೆ. ಇಂಗ್ಲೆಂಡಿನ ಅಂಗಡಿಗಳಲ್ಲಿ ಹಣ್ಣನ್ನು ಹೇಗೆ ಇಡುತ್ತಾರೆ ಎಂದು ಕೇಳುತ್ತಿದ್ದ. ನನಗೆ ನೆನಪಿರುತ್ತಿರಲಿಲ್ಲ. "ಏನ್ ನೋಡ್ಕೊಂಡ್ ಬಂದ್ಯೋ ನೀನು," ಎಂದು ಬೈಯುತ್ತಿದ್ದ.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಕಾಲೇಜಿನವರು, ನೀವು ಅಲ್ಲಿ ಓದಿ ಬಂದವರಲ್ಲವೇ ಎಂದು, ಇಂಗ್ಲಿಷ್ ಪರೀಕ್ಷೆ ಬರೆಯುವ ಹುಡುಗ ಹುಡುಗಿಯರನ್ನು ತಯಾರು ಮಾಡಲು ನನಗೆ ಒಪ್ಪಿಸಿದರು. ಮೊದಲ ದಿನ ಒಬ್ಬಳು ಎದ್ದು ನಿಂತು, ಕೈ ಕಟ್ಟಿಕೊಂಡು, ತನ್ನ ಮೆಚ್ಚಿನ ಪ್ರವಾಸದ ಬಗ್ಗೆ ಒಪ್ಪಿಸತೊಡಗಿದಳು. ಹಿಮದ ಬೆಟ್ಟ, ಸೂರ್ಯೋದಯ. ನಾನು ನಿಲ್ಲಿಸಿ, "ನೀನು ಹೋಗಿದ್ಯಾ ಅಲ್ಲಿಗೆ?" ಎಂದೆ. ಇಲ್ಲ ಸರ್, ಎಂದಳು. "ಹೋಗಿರೋ ಕಡೆ ಯಾವುದು?" ಬೈಯಪ್ಪನಹಳ್ಳಿಯಿಂದ ರೈಲಿನಲ್ಲಿ ಅಜ್ಜಿ ಮನೆಗೆ ಹೋಗುತ್ತೇವೆ ಸರ್. "ಅದನ್ನೇ ಹೇಳಮ್ಮ. ಇಂಗ್ಲಿಷ್ ತಪ್ಪಾದ್ರೂ ಪರವಾಗಿಲ್ಲ, ನಿಂದೇ ಹೇಳು," ಎಂದೆ. ಅವಳ ಮುಖ ಸಡಿಲವಾಯಿತು.

ಹೆಸರೂ ಸರಿಯಾಗಿ ಗೊತ್ತಿಲ್ಲದ ಮೂವತ್ತು ಜನರ ಮುಂದೆ ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆ ಅದನ್ನು. ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿದೆ.

ಆ ಶನಿವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಗೆ ಹೋದೆ. ಅವನು ಸೇಬಿನ ಪೆಟ್ಟಿಗೆ ಬಿಚ್ಚಿ ಹುಲ್ಲು ಕೊಡವುತ್ತಿದ್ದ. ಸ್ಟೂಲು ತಳ್ಳಿದ. ನಾನು ಕೂರದೆ ನಿಂತೇ ಎಲ್ಲ ಹೇಳಿದೆ. ಮಾರ್ಚಿನಲ್ಲಿ ನಾನು ಹೇಳಿದ್ದು ಬರೆದಿಟ್ಟದ್ದಲ್ಲ ಎಂದು, ಅಪ್ಪನ ಇಸ್ತ್ರಿಪೆಟ್ಟಿಗೆಯ ಬಗ್ಗೆ ಎಂದು, ಅವನ ಮೊದಲ ಫಲಿತಾಂಶ ಬಂದ ಮರುದಿನವೇ ನನಗೆ ತಿಳಿದಿತ್ತು ಎಂದು. ಅವನು ಕೆಲಸ ನಿಲ್ಲಿಸಲಿಲ್ಲ. ಒಂದೊಂದೇ ಸೇಬು ತೆಗೆದು, ಏಟು ಬಿದ್ದದ್ದನ್ನು ಬೇರೆ ಇಡುತ್ತ ಕೇಳಿದ.

ನಾನು ಮುಗಿಸಿದ ಮೇಲೆ, "ಮೊದಲ್ನೇ ಸಲದ್ದು ಬಿಡು. ನಿಂಗೂ ಗೊತ್ತಿರ್ಲಿಲ್ಲ," ಎಂದ.

ನಾನು ತಲೆ ಆಡಿಸಿದೆ.

"ಎರಡ್ನೇ ಸಲ ನಾನು ಇಲ್ಲೇ ಕೂತು ದಿನಾ ಒಪ್ಪಿಸ್ತಿದ್ನಲ್ಲ. ಎರಡ್ ತಿಂಗಳು. ನೀನು ಎದುರಿಗೇ ಇದ್ದೆ. ಆಗ ನಿಂಗೆ ಏನ್ ಅನ್ನಿಸ್ತಿತ್ತು?"

ಮನಸ್ಸು ಚುಚ್ಚುತ್ತಿತ್ತು, ಹೇಳಬೇಕೆಂದು ಬಾಯಿಯವರೆಗೆ ಬರುತ್ತಿತ್ತು ಎಂದು ಹೇಳಬಹುದಿತ್ತು. ಅವನು ಬಹುಶಃ ನಂಬುತ್ತಿದ್ದ. ಆದರೆ ನಿಜವಾಗಿ ಆಗ ಅನ್ನಿಸುತ್ತಿದ್ದದ್ದು ಅದಲ್ಲ.

"ಚೆನ್ನಾಗಿ ಒಪ್ಪಿಸ್ತಿದೀಯ ಅಂತ ಖುಷಿ ಆಗ್ತಿತ್ತು," ಎಂದೆ.

ಅವನ ಕೈ ನಿಂತಿತು. ಮುಖ ಎತ್ತಿ ನೋಡಿದ. ಅವನಿಗೆ ಕೋಪ ಬಂದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೆ, ಕೂಗಾಡುವವನು, ಕೈಗೆ ಸಿಕ್ಕಿದ್ದನ್ನು ಎಸೆಯುವವನು. ಇದು ಹಾಗಿರಲಿಲ್ಲ.

"ಅಬ್ಬಾ ನಿಂಗೆ ದಿನಾ ಜ್ಯೂಸ್ ತರಿಸ್ತಿದ್ರು ಕಣೋ," ಎಂದ. ಅಷ್ಟೇ.

ಒಬ್ಬ ಗಿರಾಕಿ ಬಂದು ದ್ರಾಕ್ಷಿಯ ಬೆಲೆ ಕೇಳಿದ. ಇವನು ಎದ್ದು ತೂಗಿಕೊಟ್ಟ. ಇನ್ನೊಬ್ಬಳು ಬಂದಳು. ನಾನು ನಿಂತೇ ಇದ್ದೆ. ಕೊನೆಗೆ ನನ್ನ ಕಡೆ ನೋಡದೆ, "ವ್ಯಾಪಾರದ ಹೊತ್ತು. ಹೋಗು ಈಗ," ಎಂದ.

"ಇನ್ನೊಂದ್ಸಲ ಬರ್ತೀನಿ."

"ಬಾ. ಯಾರ್ ಬೇಡ ಅಂದ್ರು. ಇದ್ರ ಮಾತ್ ಮಾತ್ರ ತೆಗೀಬೇಡ."

ಅದಾದ ಮೇಲೂ ಹೋಗುತ್ತೇನೆ. ಹಣ್ಣು ಆರಿಸಿ ಕೊಡುತ್ತಾನೆ, ಅಮ್ಮನ ಆರೋಗ್ಯ ಕೇಳುತ್ತಾನೆ. ಇಂಗ್ಲೆಂಡಿನಲ್ಲಿ ಹಣ್ಣು ಹೇಗೆ ಇಡುತ್ತಾರೆ ಎಂದು ಮಾತ್ರ ಮತ್ತೆಂದೂ ಕೇಳಿಲ್ಲ. ನಾನು ಈಗ ಅದನ್ನು ಪುಸ್ತಕ ತರಿಸಿ ಓದಿಕೊಂಡಿದ್ದೇನೆ. ಎಷ್ಟು ಡಿಗ್ರಿ, ಎಷ್ಟು ತೇವ, ಯಾವ ಹಣ್ಣಿನ ಪಕ್ಕ ಯಾವುದನ್ನು ಇಡಬಾರದು, ಎಲ್ಲ ಗೊತ್ತು. ಅವನು ಕೇಳಲಿ ಎಂದು ಅಂಗಡಿಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಲ್ಲುತ್ತೇನೆ. ಅವನು ಚೀಲದ ಬಾಯಿ ಕಟ್ಟಿ ಕೈಗೆ ಕೊಡುತ್ತಾನೆ.